ಶಾಸ್ತ್ರದಾನವೂ ಅದತ್ತಾದಾನವೂ: ಒಂದು ಇ-ಪುಸ್ತಕ ಕಲಿಸಿದ ಪಾಠ

ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನವು ನಾಲ್ಕು ಬಗೆಯೆಂಬುದನ್ನು ನಮ್ಮ ಮನೆಗಳ ಮಕ್ಕಳೂ ಬಲ್ಲರು. ಮೊದಲಿನ ಎರಡಕ್ಕೆ ಧನ ಬೇಕು, ಕೊನೆಯದಕ್ಕೆ ಧೈರ್ಯ ಬೇಕು. ಶಾಸ್ತ್ರದಾನಕ್ಕೆ ಬೇಕಾದುದು ವಿದ್ಯೆ ಎಂದು ಥಟ್ಟನೆ ಹೇಳಿಬಿಡುತ್ತೇವೆ. ಆದರೆ ವಿದ್ಯೆಯಿದ್ದೂ, ಸದುದ್ದೇಶವಿದ್ದೂ ಈ ದಾನವು ಕೆಡುವುದುಂಟು. ಇದನ್ನು ನಾನು ನನ್ನ ಅರುವತ್ತಾರನೆಯ ವಯಸ್ಸಿನಲ್ಲಿ, ಒಂದು ಇ-ಪುಸ್ತಕವನ್ನು ಸ್ವಂತವಾಗಿ ಪ್ರಕಟಿಸಲು ಹೊರಟು ಕಲಿತೆ. ಆ ಅನುಭವವನ್ನು ಧರ್ಮಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ. ನನ್ನನ್ನು ಕಾಡಿದ ಪ್ರಶ್ನೆ ಇಷ್ಟು: ಕೊಟ್ಟೆನೆಂದು ಹೇಳಿಕೊಂಡ ವಸ್ತುವನ್ನು ಇತರರು ಕೇಳದೆ ತೆಗೆದುಕೊಂಡಾಗ ಕೋಪ ಬಂದರೆ, ನಾನು ಕೊಟ್ಟದ್ದು ನಿಜವೇ? ಕೇಳದೆ ತೆಗೆದುಕೊಂಡವರು ಅವರು ಮಾತ್ರವೇ?

ನಾನು ವೃತ್ತಿಯಿಂದ ವರ್ತಕ. ಹೊನ್ನಾವರದಲ್ಲಿ ಅಡಕೆ, ಕಾಳುಮೆಣಸುಗಳ ವ್ಯಾಪಾರ ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ನಡೆದುಬಂದದ್ದು. ಬಿ.ಕಾಂ. ಪದವಿಯ ಹೊರತು ಬೇರೆ ಪದವಿಯಿಲ್ಲ. ಆದರೆ ಶರಾವತಿಯ ದಂಡೆಯಲ್ಲಿ ಹುಟ್ಟಿದವನಿಗೆ ಗೇರುಸೊಪ್ಪೆಯ ಚತುರ್ಮುಖ ಬಸದಿಯು ಬಾಲ್ಯದಿಂದಲೇ ಗುರುವಾಗಿತ್ತು. ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದ ಚೆನ್ನಭೈರಾದೇವಿ ಆಳಿದ ನೆಲದಲ್ಲಿ, ಅದೇ ಮೆಣಸನ್ನು ತೂಗಿ ಮಾರುತ್ತ, ಕಾಡಿನ ನಡುವೆ ನಿಂತ ಆ ಕಲ್ಲಿನ ಕಟ್ಟಡದ ಕಥೆಯನ್ನು ತಿಳಿಯದೆ ಸಾಯಬಾರದೆಂಬ ಹಂಬಲ ನನಗಿತ್ತು. ಭಟ್ಕಳದ ಚಂದ್ರನಾಥೇಶ್ವರ ಬಸದಿ, ಸಂಗೀತಪುರವೆಂದು ಹೆಸರಾದ ಹಾಡುವಳ್ಳಿಯ ಚತುರ್ವಿಂಶತಿ ತೀರ್ಥಂಕರ ಬಸದಿ, ಇವುಗಳಿಗೆ ಭಾನುವಾರಗಳಲ್ಲಿ ಬಸ್ಸು ಹಿಡಿದು ಹೋಗುವುದು ರೂಢಿಯಾಯಿತು. ಹೀಗೆ ಇಪ್ಪತ್ತು ವರ್ಷ ಬರೆದಿಟ್ಟುಕೊಂಡ ಟಿಪ್ಪಣಿಗಳು ಸೇರಿ ಸುಮಾರು ನೂರ ನಲುವತ್ತು ಪುಟದ ಒಂದು ಹೊತ್ತಗೆಯಾಯಿತು.

ಈ ಕೆಲಸದಲ್ಲಿ ನನಗೆ ಅಕ್ಷರಶಃ ಅಕ್ಷರ ಕಲಿಸಿದವರು ಭಟ್ಕಳದ ಒಬ್ಬ ನಿವೃತ್ತ ಪ್ರಾಥಮಿಕ ಶಾಲೆಯ ಮಾಸ್ತರರು. ಹಳೆಯ ಶಿಲಾಲಿಪಿಯನ್ನು ಓದುವ ಬಗೆಯನ್ನು ಅವರು ತಮ್ಮ ಪಾಡಿಗೆ ತಾವೇ ಅಭ್ಯಾಸ ಮಾಡಿಕೊಂಡವರು. ಕಲ್ಲಿಗೆ ನೀರು ಚಿಮುಕಿಸಿ, ಸಂಜೆಯ ಓರೆ ಬಿಸಿಲು ಬೀಳುವ ತನಕ ಕಾದು ಕುಳಿತು, ನಾನು ಬರಿಯ ಗೀರು ಎಂದದ್ದನ್ನು ಅವರು ಅಕ್ಷರವೆಂದು ತೋರಿಸುತ್ತಿದ್ದರು. ತಮ್ಮ ಓದನ್ನೆಲ್ಲ ಪೆನ್ಸಿಲಿನಲ್ಲಿ ಒಂದು ಉದ್ದನೆಯ ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದರು. 2017ರಲ್ಲಿ ಅವರು ತೀರಿಕೊಂಡರು. ಅವರ ಹೆಸರನ್ನು ಇಲ್ಲಿ ಏಕೆ ಬರೆದಿಲ್ಲವೆಂಬುದು ಮುಂದೆ ತಿಳಿಯುತ್ತದೆ.

ಹೊತ್ತಗೆ ಸಿದ್ಧವಾದಾಗ ಕುಮಟೆಯ ಒಂದು ಮುದ್ರಣಾಲಯಕ್ಕೆ ಹೋಗಿ ದರ ವಿಚಾರಿಸಿದೆ. ಅಕ್ಷರ ಜೋಡಣೆ, ಪುಟವಿನ್ಯಾಸ, ಪ್ಲೇಟು ಇವುಗಳ ಖರ್ಚು ನೂರು ಪ್ರತಿಗೂ ಅಷ್ಟೇ, ಸಾವಿರ ಪ್ರತಿಗೂ ಅಷ್ಟೇ. ಆದ್ದರಿಂದ ಪ್ರತಿಗಳು ಕಡಿಮೆಯಾದಷ್ಟೂ ಒಂದೊಂದರ ಬೆಲೆ ಏರುತ್ತದೆ. ಪ್ರತಿಗಳು ಹೆಚ್ಚಾದರೆ ಇಡಲು ಜಾಗ ಬೇಕು. ನಮ್ಮ ಕರಾವಳಿಯಲ್ಲಿ ಪುಸ್ತಕವನ್ನು ಇಡುವುದೆಂದರೇನೆಂದು ದೇವಸ್ಥಾನದ ಟ್ರಸ್ಟುಗಳವರಿಗೆ ವಿವರಿಸಬೇಕಾಗಿಲ್ಲ. ಭಕ್ತಿಯಿಂದ ಅಚ್ಚು ಹಾಕಿಸಿದ ಹೊತ್ತಗೆಗಳು ಕಪಾಟಿನಲ್ಲಿ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬೂಸು ಹಿಡಿದು, ಮೂರನೆಯದರಲ್ಲಿ ಗೆದ್ದಲಿಗೆ ಆಹಾರದಾನವಾಗಿರುವುದನ್ನು ನಾವೆಲ್ಲ ಕಂಡಿದ್ದೇವೆ.

ಆಗ ನನ್ನ ತಮ್ಮನ ಮಗ ಹೇಳಿದ: “ದೊಡ್ಡಪ್ಪ, ಈಗ ಕಾಗದ ಯಾಕೆ? ಇ-ಪುಸ್ತಕ ಮಾಡಿ. ಗೆದ್ದಲು ಹಿಡಿಯುವುದಿಲ್ಲ, ಅಂಚೆಯ ಖರ್ಚಿಲ್ಲ, ಅಮೆರಿಕದಲ್ಲಿ ಕುಳಿತವರೂ ಓದುತ್ತಾರೆ.” ಈ ಮಾತು ನನಗೆ ಹಿಡಿಸಿತು. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಓಲೆಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ನಮ್ಮ ಸಮಾಜದ ಹೆಮ್ಮೆ. ಸಾವಿರ ಪ್ರತಿಯೆಂದರೆ ಎಷ್ಟು ಲಿಪಿಕಾರರ ಎಷ್ಟು ದಿನಗಳ ದುಡಿಮೆ! ನನ್ನದಾದರೋ ಒಂದೇ ಕಡತ. ಒಂದು ಗುಂಡಿ ಒತ್ತಿದರೆ ಸಾವಿರವಾಗಬಹುದು, ಲಕ್ಷವಾಗಬಹುದು. ಈ ಆಲೋಚನೆಯಲ್ಲಿ ಶ್ರದ್ಧೆಯೆಷ್ಟು, ಮಾನಕಷಾಯವೆಷ್ಟು ಎಂಬುದನ್ನು ಆಗ ನಾನು ತೂಗಿ ನೋಡಲಿಲ್ಲ. 2024ರ ಶ್ರುತಪಂಚಮಿಯಂದು ಪುಸ್ತಕ ಹೊರಬರಬೇಕೆಂದು ನಿಶ್ಚಯಿಸಿ, ನಾಲ್ಕಾರು ಜನರಿಗೆ ಹೇಳಿಯೂ ಬಿಟ್ಟೆ.

ಮುಂದಿನ ಮೂರು ತಿಂಗಳು ನಾನು ಪಟ್ಟ ಪಾಡನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಈ ದಾರಿಯಲ್ಲಿ ಹೊರಡುವ ಇತರರಿಗೆ ಅದು ಉಪಯೋಗಕ್ಕೆ ಬಂದೀತು.

ನನ್ನ ಬರವಣಿಗೆಯೆಲ್ಲ ಅಂಗಡಿಯ ಗಣಕದಲ್ಲಿ, ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಇತ್ತು. ಕನ್ನಡದಲ್ಲಿ ಬರೆಯಲು ಅದೂ, 1998ರಲ್ಲಿ ಬಂದ ‘ಬರಹ’ವೂ ನಮ್ಮಂಥವರಿಗೆ ಮಾಡಿದ ಉಪಕಾರ ದೊಡ್ಡದು. ಆದರೆ ಆ ಹಳೆಯ ವಿಧಾನದಲ್ಲಿ ಗಣಕವು ಅಕ್ಷರದ ಆಕಾರವನ್ನು ಮಾತ್ರ ನೆನಪಿಡುತ್ತದೆ. ಅದು ಯಾವ ಅಕ್ಷರವೆಂಬುದನ್ನು ಅರಿಯದು. ಆ ಅಕ್ಷರಗಳಿಲ್ಲದ ಬೇರೆ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿ ಕಾಣುತ್ತದೆ. ಇ-ಪುಸ್ತಕಕ್ಕೆ ಯುನಿಕೋಡ್ ಬೇಕು. ಜಗತ್ತಿನ ಲಿಪಿಗಳ ಪ್ರತಿಯೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಆ ವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿತ್ತು. ಮೂವತ್ತು ವರ್ಷ ಕಳೆದರೂ ನಾನು ಅದನ್ನು ಅರಿಯದೆ ಹಳೆಯದರಲ್ಲಿಯೇ ಬರೆಯುತ್ತಿದ್ದೆ.

ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸುವ ಸಾಧನಗಳಿವೆ. ಪರಿವರ್ತಿಸಿ ನೋಡಿದಾಗ ಎದೆ ಧಸಕ್ಕೆಂದಿತು. ‘ಧರ್ಮ’ವು ‘ಧಮರ್’ ಆಗಿತ್ತು, ‘ಕರ್ಮ’ವು ‘ಕಮರ್’ ಆಗಿತ್ತು, ‘ದರ್ಶನ’ವು ‘ದಶರ್ನ’ವಾಗಿತ್ತು, ‘ತೀರ್ಥಂಕರ’ರಂತೂ ಉಚ್ಚರಿಸಲಾಗದಂತಿದ್ದರು. ಕಾರಣ ಸರಳ. ನಮ್ಮ ಲಿಪಿಯಲ್ಲಿ ಅರ್ಕಾವತ್ತನ್ನು ಮೊದಲು ಉಚ್ಚರಿಸುತ್ತೇವೆ, ಆದರೆ ಆಮೇಲೆ ಬರೆಯುತ್ತೇವೆ. ಹಳೆಯ ವಿಧಾನವು ಅದನ್ನು ಕಾಣುವ ಕ್ರಮದಲ್ಲಿ ಇಡುತ್ತದೆ, ಯುನಿಕೋಡ್ ಕೇಳುವ ಕ್ರಮದಲ್ಲಿ ಇಡುತ್ತದೆ. ಒಳ್ಳೆಯ ಸಾಧನವು ಈ ವ್ಯತ್ಯಾಸವನ್ನು ಸರಿಪಡಿಸುತ್ತದೆ. ನಾನು ಮೊದಲು ಬಳಸಿದ್ದು ಸರಿಪಡಿಸಲಿಲ್ಲ. ಜೈನಧರ್ಮದ ಪುಸ್ತಕವೊಂದರಲ್ಲಿ ಅರ್ಕಾವತ್ತಿಲ್ಲದ ಸಾಲನ್ನು ಹುಡುಕುವುದೇ ಕಷ್ಟ! ಹಾಡುವಳ್ಳಿಯ ಮಠದ ಪರಂಪರೆಯ ಭಟ್ಟಾಕಳಂಕದೇವನು 1604ರಲ್ಲಿ ಕರ್ಣಾಟಕ ಶಬ್ದಾನುಶಾಸನವನ್ನು ರಚಿಸಿ, 592 ಸಂಸ್ಕೃತ ಸೂತ್ರಗಳಲ್ಲಿ ಕನ್ನಡ ನುಡಿಯನ್ನು ವ್ಯವಸ್ಥೆಗೊಳಿಸಿದನು. ಅದೇ ಸೀಮೆಯಲ್ಲಿ ಕುಳಿತ ನಾನು ಒಂದು ರೇಫವನ್ನು ಅದರ ಜಾಗದಲ್ಲಿ ಕೂರಿಸಲಾರದೆ ರಾತ್ರಿಗಳನ್ನು ಕಳೆದೆ.

ಪಠ್ಯ ಸರಿಹೋಗುವಷ್ಟರಲ್ಲಿ ಬೇರೆ ತೊಡಕು. ಇ-ಪುಸ್ತಕದಲ್ಲಿ ಪುಟಗಳೇ ಸ್ಥಿರವಲ್ಲ. ಓದುವವರು ಅಕ್ಷರವನ್ನು ದೊಡ್ಡದು ಮಾಡಿದಂತೆ ಸಾಲುಗಳು ಹರಿದು ಮುಂದೆ ಸಾಗುತ್ತವೆ. ನಾನು ಅಲ್ಲಲ್ಲಿ ‘43ನೆಯ ಪುಟ ನೋಡಿ’ ಎಂದು ಬರೆದದ್ದೆಲ್ಲ ನಿರರ್ಥಕವಾಯಿತು. ಶಾಸನಗಳ ಛಾಯಾಚಿತ್ರಗಳು ಮೊಬೈಲಿನ ಪರದೆಯಲ್ಲಿ ಹೆಬ್ಬೆರಳಿನಷ್ಟಾದವು. ಭಾಷೆಯ ತೊಡಕು ಇನ್ನೊಂದು. 2016ರ ಕೊನೆಯಲ್ಲಿ ಕಿಂಡಲ್ ಭಾರತೀಯ ಭಾಷೆಗಳ ಪುಸ್ತಕಗಳನ್ನು ಸೇರಿಸಿಕೊಂಡಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಗಳಿದ್ದವು, ಕನ್ನಡವಿರಲಿಲ್ಲ. ಅನಂತರ ಕನ್ನಡದವರೇ ಕಟ್ಟಿದ ತಾಣಗಳು ಬಂದವು. ಆದರೂ ಎಲ್ಲಿ ಯಾವ ನಿಯಮ, ಯಾವ ಅಳತೆಯ ಮುಖಪುಟ, ಎಷ್ಟು ಪಾಲು ಯಾರಿಗೆ ಎಂಬುದನ್ನು ತಿಳಿಯುವುದರಲ್ಲಿ ಹೊಸಬನಿಗೆ ತಲೆ ತಿರುಗುತ್ತದೆ.

ತೆರಿಗೆಯ ವಿಷಯ ಮಾತ್ರ ವರ್ತಕನಾದ ನನಗೆ ಸುಲಭವಾಗಿ ಅರ್ಥವಾಯಿತು. ಮುದ್ರಿತ ಪುಸ್ತಕಕ್ಕೆ ಜಿ.ಎಸ್.ಟಿ. ಇಲ್ಲ, ಇ-ಪುಸ್ತಕಕ್ಕೆ ಇದೆ. 2018ರ ಜುಲೈ ತಿಂಗಳಲ್ಲಿ ಅದನ್ನು ಶೇಕಡಾ 18ರಿಂದ 5ಕ್ಕೆ ಇಳಿಸಿದಾಗಲೂ, ಆ ರಿಯಾಯಿತಿ ಮುದ್ರಿತ ರೂಪವೂ ಇರುವ ಪುಸ್ತಕಗಳಿಗೆ ಮಾತ್ರ ದೊರೆಯಿತು. ಕಾಗದದಿಂದ ಪಾರಾಗಲು ಇ-ಪುಸ್ತಕಕ್ಕೆ ಬಂದವನಿಗೆ ಕಾಗದವಿಲ್ಲದ್ದೇ ದುಬಾರಿಯಾಯಿತು!

ಶ್ರುತಪಂಚಮಿಗೆ ನಾಲ್ಕು ದಿನ ಉಳಿದಿರಲು ತಮ್ಮನ ಮಗ ರಾತ್ರಿ ದೂರವಾಣಿ ಮಾಡಿದ: “ದೊಡ್ಡಪ್ಪ, ಒಳಗಿನ ಪಠ್ಯವೆಲ್ಲ ಸರಿಯಾಗಿದೆ. ಅಡಿಟಿಪ್ಪಣಿಗಳು ಮಾತ್ರ ಪರಿವರ್ತನೆಯಾಗಿಲ್ಲ, ಬರಿಯ ಚಿಹ್ನೆಗಳಾಗಿವೆ. ಮತ್ತೆ ಬೆರಳಚ್ಚು ಮಾಡಲು ಒಂದು ವಾರ ಬೇಕು.” ಹೊರಗೆ ಮಳೆ ಹಿಡಿದಿತ್ತು, ವಿದ್ಯುತ್ತು ಹೋಗಿಬಂದು ಮಾಡುತ್ತಿತ್ತು, ನನಗೆ ಬೇಸರ ಬಂದಿತ್ತು. “ಸದ್ಯಕ್ಕೆ ತೆಗೆದುಬಿಡು, ಆಮೇಲೆ ಸೇರಿಸೋಣ” ಎಂದೆ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥಿಸುತ್ತೇನೆ.

ಪುಸ್ತಕ ನಿಶ್ಚಯಿಸಿದ ದಿನ ಹೊರಬಂದಿತು. ಐವತ್ತು ರೂಪಾಯಿ ಬೆಲೆಯಿಟ್ಟೆ. ಮುನ್ನುಡಿಯಲ್ಲಿ ಇದು ಶಾಸ್ತ್ರದಾನದ ಅಲ್ಪಪ್ರಯತ್ನವೆಂದು ಬರೆದುಕೊಂಡಿದ್ದೆ. ಬಂದ ಹಣವನ್ನು ಬಸದಿಯ ದೀಪಕ್ಕೆ ಕೊಡುವೆನೆಂದೂ ಸಂಕಲ್ಪಿಸಿದ್ದೆ. ಮೊದಲ ತಿಂಗಳು ಮೂರು ಪ್ರತಿಗಳು ಹೋದವು. ಒಂದನ್ನು ನಾನೇ ಕೊಂಡಿದ್ದೆ, ಒಂದನ್ನು ತಮ್ಮನ ಮಗ ಕೊಂಡಿದ್ದ. ಆ ಮೂರನೆಯ ಪುಣ್ಯಾತ್ಮರು ಯಾರೆಂದು ಇಂದಿಗೂ ತಿಳಿಯದು. ಊರಿನ ಹಿರಿಯರಿಗೆ ಹೇಳಿದರೆ “ಸಂತೋಷ, ಪುಸ್ತಕ ಎಲ್ಲಿ?” ಎಂದು ಕೈ ಚಾಚುತ್ತಿದ್ದರು. ಮೊಬೈಲಿನಲ್ಲಿದೆ ಎಂದರೆ ಚಾಚಿದ ಕೈ ಹಿಂದಕ್ಕೆ ಹೋಗುತ್ತಿತ್ತು. ಬಂಧುಗಳಿಂದ ಐದೈದು ನಕ್ಷತ್ರ ಹಾಕಿಸಿ ಹೊಗಳಿಕೆ ಬರೆಸಬಹುದೆಂದು ಒಬ್ಬರು ಸಲಹೆ ಕೊಟ್ಟರು. ಓದದವರ ಹೊಗಳಿಕೆ ತೂಕವಿಲ್ಲದ ಕಲ್ಲಿನಂತೆ ಎಂದು ನಿರಾಕರಿಸಿದೆ. ಆದರೆ ಬೆಳಗ್ಗೆ ದೇವದರ್ಶನಕ್ಕೆ ಮೊದಲು ಎಷ್ಟು ಪ್ರತಿ ಹೋಯಿತೆಂದು ಮೊಬೈಲು ತೆರೆದು ನೋಡುವ ಚಾಳಿ ಅಂಟಿಕೊಂಡಿತು. ಅಂಗಡಿಯ ಲಾಭನಷ್ಟಕ್ಕೂ ನಾನು ಅಷ್ಟು ಚಡಪಡಿಸಿದವನಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ವಿಚಿತ್ರ ನಡೆಯಿತು. ನನ್ನ ಪುಸ್ತಕವನ್ನು ಯಾರೋ ಪಿ.ಡಿ.ಎಫ್. ಮಾಡಿ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಂಚಿದ್ದರು. ಅದು ಗುಂಪಿನಿಂದ ಗುಂಪಿಗೆ ಹೋಗಿ, ಕಾರ್ಕಳ, ಮೂಡಬಿದಿರೆ, ಬೆಳಗಾವಿಗಳಿಂದಲೂ ಜನ ಓದಿ ಮಾತಾಡತೊಡಗಿದರು. ಯಾವುದನ್ನು ನಾನು ಬಯಸಿದ್ದೆನೋ ಅದು ನಡೆದಿತ್ತು. ಆದರೆ ನನಗೆ ಬಂದದ್ದು ಕೋಪ. ಇದು ಕಳವು, ಅದತ್ತಾದಾನ, ಅಣುವ್ರತವನ್ನು ಬಲ್ಲ ಶ್ರಾವಕರೇ ಹೀಗೆ ಮಾಡಬಹುದೇ ಎಂದು ಕಂಡಕಂಡವರಲ್ಲಿ ಹೇಳಿದೆ. ಐವತ್ತು ರೂಪಾಯಿ ನನಗೆ ದೊಡ್ಡದಲ್ಲ, ತತ್ತ್ವ ದೊಡ್ಡದು ಎಂದೂ ಸೇರಿಸುತ್ತಿದ್ದೆ.

ಈ ತಾಪದಲ್ಲಿಯೇ ಒಂದು ದಿನ ಭಟ್ಕಳಕ್ಕೆ ವ್ಯಾಪಾರದ ಕೆಲಸಕ್ಕೆ ಹೋದವನು ಮಾಸ್ತರರ ಮನೆಗೆ ಹೋದೆ. ಅವರ ಪತ್ನಿಗೆ ಈಗ ಎಂಬತ್ತು ಸಮೀಪಿಸಿದೆ, ಕಣ್ಣು ಮಂಜಾಗಿದೆ. ನೀರು ಬೆಲ್ಲ ಕೊಟ್ಟು ಕುಳ್ಳಿರಿಸಿ ಅವರೇ ಮಾತು ತೆಗೆದರು: “ನಿಮ್ಮ ಪುಸ್ತಕ ಮಗನ ಮೊಬೈಲಿಗೆ ಬಂದಿತ್ತು, ಸಾಹುಕಾರರೇ. ನಾಲ್ಕು ದಿನ ಕೂತು ಓದಿಸಿ ಕೇಳಿದೆ. ಚೆನ್ನಾಗಿದೆ. ಹಾಡುವಳ್ಳಿಯ ಕಲ್ಲಿನ ವಿಷಯ ಬಂದಾಗ ಇವರೇ ಮಾತಾಡಿದ ಹಾಗಾಯಿತು.” ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಇವರ ಹೆಸರು ಮುಂದಿನ ಭಾಗದಲ್ಲಿ ಬರುತ್ತದೆಯೇ?”

ಮುಂದಿನ ಭಾಗವೆಂಬುದು ಇರಲಿಲ್ಲ. ಪುಸ್ತಕದಲ್ಲಿ ಅವರ ಹೆಸರಿದ್ದುದೆಲ್ಲ ಅಡಿಟಿಪ್ಪಣಿಗಳಲ್ಲಿ. ಇಂಥ ಸಾಲಿನ ಇಂಥ ಅಕ್ಷರವನ್ನು ಹೀಗೆ ಓದಿದವರು ಅವರು ಎಂದು ಇಪ್ಪತ್ತೇಳು ಕಡೆ ಕ್ರಮವಾಗಿ ನಮೂದಿಸಿದ್ದೆ. ಅದೇ ಕಾರಣದಿಂದ ಮುನ್ನುಡಿಯಲ್ಲಿ ‘ನೆರವಾದ ಹಿರಿಯರೆಲ್ಲರಿಗೂ ಕೃತಜ್ಞ’ ಎಂದಷ್ಟೇ ಬರೆದಿದ್ದೆ. ಸದ್ಯಕ್ಕೆ ತೆಗೆದುಬಿಡು ಎಂದ ಒಂದೇ ಮಾತಿನಿಂದ ಇಪ್ಪತ್ತೇಳು ಕಡೆಯೂ ಆ ಹೆಸರು ಅಳಿದುಹೋಗಿತ್ತು. ಆಮೇಲೆ ಸೇರಿಸೋಣವೆಂದದ್ದು ನಾಲ್ಕು ತಿಂಗಳಿನಿಂದ ನನಗೆ ನೆನಪಾಗಿರಲಿಲ್ಲ. ದಿನಕ್ಕೆರಡು ಸಲ ಪ್ರತಿಗಳ ಲೆಕ್ಕ ನೋಡುವುದು ಮಾತ್ರ ನೆನಪಿತ್ತು. ಅಮ್ಮನವರಿಗೆ ಏನು ಉತ್ತರಿಸಿದೆನೋ ಸರಿಯಾಗಿ ಹೇಳಲಾರೆ. ಹೊರಡುವಾಗ ಅವರು ಆ ಉದ್ದನೆಯ ನೋಟುಪುಸ್ತಕವನ್ನು ತಂದು ತೋರಿಸಿದರು. ಪೆನ್ಸಿಲಿನ ಅಕ್ಷರಗಳು ಮಾಸುತ್ತ ಬಂದಿದ್ದವು.

ಹೊನ್ನಾವರಕ್ಕೆ ಹಿಂದಿರುಗಿದ ಆ ರಾತ್ರಿ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ಮತ್ತೆ ತೆರೆದೆ. ಕೊಡದಿರುವುದನ್ನು ತೆಗೆದುಕೊಳ್ಳುವುದೇ ಕಳವೆಂದು ಉಮಾಸ್ವಾಮಿಗಳ ನಿರೂಪಣೆ. ಇದನ್ನು ನಾನು ಆ ನಾಲ್ಕು ತಿಂಗಳಲ್ಲಿ ಅದೆಷ್ಟು ಸಲ ಬೇರೆಯವರ ಮೇಲೆ ಪ್ರಯೋಗಿಸಿದ್ದೆನೋ! ಆದರೆ ಹಿಂಸೆಯ ಲಕ್ಷಣವನ್ನು ಹೇಳುವಲ್ಲಿ ಆಚಾರ್ಯರು ಪ್ರಮಾದವನ್ನು ಮೂಲವಾಗಿಟ್ಟಿದ್ದಾರೆ. ಆ ಪ್ರಮಾದವನ್ನು ಅಸತ್ಯಕ್ಕೂ ಕಳವಿಗೂ ಅನ್ವಯಿಸಿಕೊಳ್ಳಬೇಕೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಕದಿಯಬೇಕೆಂಬ ಇಚ್ಛೆ ನನಗಿರಲಿಲ್ಲ ಎಂದು ನಾನು ಸಮಾಧಾನ ಹೇಳಿಕೊಳ್ಳುವಂತಿರಲಿಲ್ಲ. ಎಚ್ಚರ ತಪ್ಪಿದ್ದು ನಿಜ. ಆ ಎಚ್ಚರ ತಪ್ಪಿದ್ದು ಕೀರ್ತಿಯ ಆತುರದಿಂದ. ಅಚೌರ್ಯವ್ರತದ ಅತಿಚಾರಗಳಲ್ಲಿ ಕಳ್ಳತೂಕದ ಜೊತೆಗೆ, ಒಂದು ವಸ್ತುವನ್ನು ಇನ್ನೊಂದರ ಹೆಸರಿನಲ್ಲಿ ದಾಟಿಸುವುದನ್ನೂ ಎಣಿಸಲಾಗಿದೆ. ಹಸಿ ಮೆಣಸನ್ನು ಒಣ ಮೆಣಸಿನ ತೂಕಕ್ಕೆ ನಾನು ಎಂದೂ ಮಾರಿದವನಲ್ಲ. ಮಾಸ್ತರರ ಓದನ್ನು ನನ್ನ ಓದೆಂದು ನಾಲ್ಕು ತಿಂಗಳು ಮಾರಿದ್ದೆ.

ಪಿ.ಡಿ.ಎಫ್. ಹಂಚಿದವರು ನನ್ನ ಪುಸ್ತಕವನ್ನು ಕೇಳದೆ ತೆಗೆದುಕೊಂಡರು, ಆದರೆ ನನ್ನ ಹೆಸರನ್ನು ಅದರ ಮೇಲೆಯೇ ಉಳಿಸಿದ್ದರು. ನಾನಾದರೋ ಮಾಸ್ತರರ ಶ್ರಮವನ್ನು ಅವರು ಸಂತೋಷದಿಂದ ಕೊಟ್ಟಾಗ ಪಡೆದು, ಹೆಸರನ್ನು ಮಾತ್ರ ಬಿಟ್ಟಿದ್ದೆ. ಇಬ್ಬರಲ್ಲಿ ಯಾರ ಭಾರ ಹೆಚ್ಚೆಂಬುದನ್ನು ತೂಗಲು ದೊಡ್ಡ ತಕ್ಕಡಿ ಬೇಕಾಗಿರಲಿಲ್ಲ.

ಇದರಿಂದ, ಪುಸ್ತಕವನ್ನು ಕೇಳದೆ ಪ್ರತಿ ಮಾಡಿ ಹಂಚುವುದು ನಿರ್ದೋಷವೆಂದು ಯಾರೂ ತಿಳಿಯಬಾರದು. ಬರವಣಿಗೆಯಿಂದಲೇ ಬದುಕುವವರುಂಟು, ಸಾಲ ತಂದು ಅಚ್ಚು ಹಾಕಿಸುವ ಪ್ರಕಾಶಕರುಂಟು. ಅವರ ದುಡಿಮೆಯನ್ನು ಪುಕ್ಕಟೆ ಹಂಚುವುದು ಅಂಗಡಿಯಿಂದ ಚೀಲ ಎತ್ತಿಕೊಂಡು ಹೋದಂತೆಯೇ. 1957ರ ಕೃತಿಸ್ವಾಮ್ಯದ ಕಾಯಿದೆಯು ಲೇಖಕನ ಜೀವಿತಕಾಲಕ್ಕೂ ಅನಂತರದ 60 ವರ್ಷಗಳಿಗೂ ಈ ಹಕ್ಕನ್ನು ರಕ್ಷಿಸುತ್ತದೆ, ಅದು ನ್ಯಾಯವೇ. ಮಾರುವವನು ಮಾರುತ್ತೇನೆಂದು ಹೇಳಿ ಮಾರಲಿ, ಅದರಲ್ಲಿ ದೋಷವಿಲ್ಲ. ನನ್ನ ದೋಷವೆಂದರೆ, ದಾನವೆಂದು ಹೇಳಿ ಮಾರಿದ್ದು, ಮಾರಾಟವಾಗದಿದ್ದಾಗ ನೊಂದದ್ದು, ದಾನವಾಗಿಯೇ ಹೋದಾಗ ಕೆರಳಿದ್ದು. ಅಚ್ಚಿಲ್ಲದ ಕಾಲದಲ್ಲಿ ಪ್ರತಿ ಮಾಡುವುದೇ ಪುಣ್ಯವಾಗಿತ್ತು. ಅತ್ತಿಮಬ್ಬೆ ಮಾಡಿಸಿದ ಸಾವಿರ ಪ್ರತಿಗಳನ್ನು ನೋಡಿ ಮತ್ತಷ್ಟು ಪ್ರತಿ ಮಾಡಿಕೊಂಡವರಿದ್ದರೆ ಆಕೆ ಸಂತೋಷಪಡುತ್ತಿದ್ದಳೇ ಹೊರತು ಲೆಕ್ಕ ಕೇಳುತ್ತಿರಲಿಲ್ಲ. ಮೂಡಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ಓಲೆಗಳಲ್ಲಿದ್ದ ಧವಲಾಟೀಕೆಯು ಡಾ. ಹೀರಾಲಾಲ್ ಜೈನರ ಸಂಪಾದನೆಯಲ್ಲಿ 1939ರಿಂದ ಅಚ್ಚಾಗಿ ಬರಲು ಆರಂಭವಾಯಿತು. ಅಂಥ ಗ್ರಂಥಗಳು ಹೊರಬರಬಹುದೇ, ಮುದ್ರಣವಾಗಬಹುದೇ ಎಂದು ನಮ್ಮ ಸಮಾಜವು ಬಹುಕಾಲ ಚರ್ಚಿಸಿದೆ. ಬಾರದೆ ಇದ್ದಿದ್ದರೆ ಇಂದು ನಮ್ಮಂಥವರು ಷಟ್ಖಂಡಾಗಮದ ಹೆಸರನ್ನು ಮಾತ್ರ ಬಲ್ಲವರಾಗಿರುತ್ತಿದ್ದೆವು.

ಈಗ ತಿದ್ದುವ ಪ್ರಶ್ನೆ. ತಮ್ಮನ ಮಗ ಎರಡೇ ವಾರದಲ್ಲಿ ಅಡಿಟಿಪ್ಪಣಿಗಳನ್ನೆಲ್ಲ ಬೆರಳಚ್ಚು ಮಾಡಿದ. “ಹಳೆಯ ಕಡತ ತೆಗೆದು ಹೊಸದು ಹಾಕಿಬಿಡುತ್ತೇನೆ ದೊಡ್ಡಪ್ಪ, ಯಾರಿಗೂ ಗೊತ್ತಾಗುವುದಿಲ್ಲ” ಎಂದ. ಇ-ಪುಸ್ತಕದ ಅನುಕೂಲವೇ ಇದು: ತಪ್ಪಿನ ಗುರುತೂ ಉಳಿಯದಂತೆ ತಿದ್ದಬಹುದು. ಇದೇ ಅದರ ಅಪಾಯವೂ ಹೌದು. 2009ರ ಜುಲೈ ತಿಂಗಳಲ್ಲಿ ಅಮೆಜಾನ್ ಸಂಸ್ಥೆಯು, ಮಾರಿದವರಿಗೆ ಹಕ್ಕಿರಲಿಲ್ಲವೆಂಬ ಕಾರಣದಿಂದ, ಜಾರ್ಜ್ ಆರ್ವೆಲ್ಲನ ಎರಡು ಕೃತಿಗಳನ್ನು ಕೊಂಡವರ ಕಿಂಡಲ್‌ಗಳಿಂದ ದೂರದಿಂದಲೇ ಅಳಿಸಿಹಾಕಿತು. ಹಣ ಹಿಂದಿರುಗಿಸಿತು, ಆಮೇಲೆ ಕ್ಷಮೆಯನ್ನೂ ಕೇಳಿತು. ಕೊಟ್ಟ ಮೇಲೂ ಕೊಟ್ಟವನ ಕೈಯಲ್ಲಿಯೇ ಉಳಿಯುವ ವಸ್ತು ಇದು. ಓಲೆಯ ಗ್ರಂಥಗಳ ಕೊನೆಯಲ್ಲಿ ಲಿಪಿಕಾರನು ತನ್ನ ಹೆಸರು, ಬರೆದ ದಿನ ಹೇಳಿ, ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕೆಂದು ಬೇಡಿಕೊಳ್ಳುವುದು ವಾಡಿಕೆ. ಅಚ್ಚಿನ ಪುಸ್ತಕಕ್ಕೆ ಶುದ್ಧಿಪತ್ರ ಅಂಟಿಸುತ್ತಿದ್ದೆವು. ಇವೆರಡರಲ್ಲಿಯೂ ತಪ್ಪು ಮತ್ತು ತಿದ್ದುಪಡಿ ಅಕ್ಕಪಕ್ಕದಲ್ಲಿ ನಿಲ್ಲುತ್ತವೆ. ಯಾರಿಗೂ ಗೊತ್ತಾಗದಂತೆ ತಿದ್ದಿದರೆ ಪುಸ್ತಕ ಶುದ್ಧವಾಗುತ್ತದೆ, ಲೇಖಕ ಶುದ್ಧನಾಗುವುದಿಲ್ಲ. ಅದು ಮಾಯಾಕಷಾಯ.

ಆದುದರಿಂದ ಹೊಸ ಕಡತದ ಮೊದಲ ಪುಟದಲ್ಲಿಯೇ ಒಂದು ಶುದ್ಧಿಪತ್ರ ಇಟ್ಟೆ. ಇಂಥ ದಿನ ಹೊರಬಂದ ಮೊದಲ ಆವೃತ್ತಿಯಲ್ಲಿ ಅಡಿಟಿಪ್ಪಣಿಗಳು ಇರಲಿಲ್ಲ. ಲೇಖಕನ ಆತುರದಿಂದ ಅವು ಬಿಟ್ಟುಹೋದವು. ಶಾಸನಗಳ ಇಪ್ಪತ್ತೇಳು ಪಾಠಗಳನ್ನು ಓದಿಕೊಟ್ಟವರು ಇವರು ಎಂದು ಮಾಸ್ತರರ ಪೂರ್ಣ ಹೆಸರಿನೊಂದಿಗೆ ಬರೆದೆ. ಬೆಲೆಯನ್ನು ತೆಗೆದುಹಾಕಿದೆ. ಬಳಿಕ, ಯಾವ ಗುಂಪುಗಳನ್ನು ಬೈದಿದ್ದೆನೋ ಅವುಗಳಿಗೇ ಕಳುಹಿಸಿ, ದಯವಿಟ್ಟು ಇದನ್ನು ಮುಂದಕ್ಕೆ ಹಂಚಿರಿ ಎಂದು ಬೇಡಿಕೊಂಡೆ. ಕಳ್ಳರೆಂದು ನಾನು ಕರೆದವರಿಲ್ಲದೆ ನನ್ನ ಪ್ರಾಯಶ್ಚಿತ್ತ ಆಗುವಂತಿರಲಿಲ್ಲ.

ಈ ಲೇಖನದಲ್ಲಿಯೂ ಅವರ ಹೆಸರನ್ನು ಬರೆಯಬೇಕೆಂದಿದ್ದೆ. ಒಪ್ಪಿಗೆ ಕೇಳಲು ಹೋದಾಗ ಅಮ್ಮನವರು ಬೇಡವೆಂದರು: “ಅವರು ದುಡಿದ ಜಾಗದಲ್ಲಿ ಅವರ ಹೆಸರಿರಲಿ. ನೀವು ನೊಂದುಕೊಂಡ ಜಾಗದಲ್ಲಿ ಬೇಡ.” ಈ ಮಾತಿಗೆ ಎದುರಾಡುವಷ್ಟು ಪಾಂಡಿತ್ಯ ನನಗಿಲ್ಲ. ಅವರು ಕೇಳಿದ್ದು ಇನ್ನೊಂದೇ. ಪರದೆಯ ಮೇಲಿನ ಅಕ್ಷರ ತಮಗೆ ಕಾಣುವುದಿಲ್ಲ, ಮುಟ್ಟಿ ನೋಡುವಂಥ ಒಂದು ಪ್ರತಿ ಬೇಕು ಎಂದರು. ಕುಮಟೆಗೆ ಹೋಗಿ ದೊಡ್ಡ ಅಕ್ಷರದಲ್ಲಿ ಕೆಲವೇ ಪ್ರತಿಗಳನ್ನು ತೆಗೆಸಿ, ಹೊಲಿಸಿ, ರಟ್ಟು ಹಾಕಿಸಿ ತಂದೆ. ಒಂದೊಂದಕ್ಕೂ ಖರ್ಚು ಬಹಳವಾಯಿತು. ಅಷ್ಟು ಸಂತೋಷದಿಂದ ನಾನು ಬೇರೆ ಯಾವ ಬಿಲ್ಲನ್ನೂ ಕೊಟ್ಟಿಲ್ಲ. ಮಾಸ್ತರರ ನೋಟುಪುಸ್ತಕವನ್ನೂ ಪುಟಪುಟವಾಗಿ ಛಾಯಾಚಿತ್ರ ತೆಗೆಸಿ ಇಟ್ಟಿದ್ದೇವೆ.

ಇಂದು ಹಲವು ಟ್ರಸ್ಟುಗಳು ತಮ್ಮ ಕ್ಷೇತ್ರದ ಇತಿಹಾಸವನ್ನು, ಪೂಜಾವಿಧಿಗಳನ್ನು ಇ-ಪುಸ್ತಕವಾಗಿ ತರಲು ಯೋಚಿಸುತ್ತಿವೆ. ಅವರಿಗೆ ಅನುಭವದಿಂದ ನಾಲ್ಕು ಮಾತು. ಆರಂಭದಿಂದಲೇ ಯುನಿಕೋಡಿನಲ್ಲಿ ಬರೆಸಿರಿ. ಹಳೆಯ ಕಡತವನ್ನು ಪರಿವರ್ತಿಸಿದರೆ ಅರ್ಕಾವತ್ತಿರುವ ಪದಗಳನ್ನೆಲ್ಲ ಒಂದೊಂದಾಗಿ ನೋಡಿರಿ, ಅಡಿಟಿಪ್ಪಣಿಗಳನ್ನು ಮರೆಯದಿರಿ. ಪ್ರತಿ ಆವೃತ್ತಿಗೂ ದಿನಾಂಕ ಹಾಕಿ, ತಿದ್ದಿದ್ದನ್ನು ತಿದ್ದಿದ್ದೇವೆಂದು ಬರೆಯಿರಿ. ಕೆಲವು ಪ್ರತಿಗಳನ್ನಾದರೂ ಕಾಗದದ ಮೇಲೆ ತೆಗೆಸಿ ಕಣ್ಣು ಮಂಜಾದವರ ಕೈಗೆ ಕೊಡಿರಿ. ಎಲ್ಲಕ್ಕಿಂತ ಮೊದಲು, ನೆರವಾದವರ ಹೆಸರನ್ನು ಅಡಿಯಲ್ಲಿ ಅಲ್ಲ, ಮುಂದೆಯೇ ಬರೆಯಿರಿ. ಬಿಡುಗಡೆಯ ದಿನಕ್ಕಾಗಿ ಏನನ್ನಾದರೂ ಸದ್ಯಕ್ಕೆ ಬಿಡೋಣ ಎಂದು ತೋರಿದಾಗ, ಬಿಟ್ಟುಹೋಗುವುದು ಯಾರೆಂದು ಒಮ್ಮೆ ಕೇಳಿಕೊಳ್ಳಿರಿ.

ಎಲ್ಲವೂ ಸರಿಹೋಯಿತೆಂದು ಹೇಳಿ ಲೇಖನ ಮುಗಿಸುವಂತಿಲ್ಲ. ಮೊದಲಿನ ಆ ಹೆಸರಿಲ್ಲದ ಪಿ.ಡಿ.ಎಫ್. ಇಂದಿಗೂ ಸಂಚರಿಸುತ್ತಲೇ ಇದೆ. ಕಾಗದದ ಪ್ರತಿಯಾಗಿದ್ದರೆ ಅದಕ್ಕೂ ಗೆದ್ದಲು ಹಿಡಿದು ಒಂದು ದಿನ ಕೊನೆಯಾಗುತ್ತಿತ್ತು. ಇದಕ್ಕೆ ಗೆದ್ದಲೂ ಇಲ್ಲ. ಹೋದ ವಾರ ಅಪರಿಚಿತರೊಬ್ಬರು ಅದನ್ನು ನನಗೇ ಕಳುಹಿಸಿ, ನಮ್ಮ ಕರಾವಳಿಯ ಬಗ್ಗೆ ಒಳ್ಳೆಯ ಪುಸ್ತಕ, ತಪ್ಪದೆ ಓದಿರಿ, ಬೇರೆಯವರಿಗೂ ಕಳುಹಿಸಿರಿ ಎಂದು ಬರೆದಿದ್ದರು. ವಂದನೆ ತಿಳಿಸಿ, ಶುದ್ಧಿಪತ್ರವಿರುವ ಪ್ರತಿಯನ್ನು ಅವರಿಗೆ ಕಳುಹಿಸಿದೆ. ಮೊದಲ ಪುಟವನ್ನು ದಯವಿಟ್ಟು ಓದಿರಿ ಎಂದು ಬರೆದೆ. ಪ್ರತಿಕ್ರಮಣವನ್ನು ಒಂದೇ ದಿನಕ್ಕೆ ಮುಗಿಸದೆ ದಿನದಿನವೂ ಮಾಡಬೇಕೆಂದು ಹಿರಿಯರು ಏಕೆ ವಿಧಿಸಿದರೆಂಬುದು ಈಗ ಸ್ವಲ್ಪ ಅರ್ಥವಾಗುತ್ತಿದೆ.